ಹಾಸ್ಟೆಲ್‌ನಲ್ಲಿ ಕಿರಿಯರಿಗೆ ಕಾಟ ಕೊಡುತ್ತಿದ್ದ ಹುಡುಗ ತಿದ್ದಿಕೊಳ್ಳುತ್ತೇನೆ ಎನ್ನುತ್ತಿದ್ದಾನೆ: ಯಾವ ಕ್ರಮದಲ್ಲಿ ಏನು ಮಾಡಬೇಕು?

ನಿಲಯಪಾಲಕ

ನಮಸ್ಕಾರ. ವಿವರ ಕೊಟ್ಟುಬಿಡುತ್ತೇನೆ, ಉತ್ತರ ಹೇಳುವವರಿಗೆ ಅನುಕೂಲ. 6ರಿಂದ 10ನೇ ತರಗತಿವರೆಗಿನ ಬಾಲಕರ ವಸತಿ ಶಾಲೆ, 80 ಮಕ್ಕಳು. 9ನೇ ತರಗತಿಯ ಒಬ್ಬ ಹುಡುಗ, ಅವನ ಹಿಂದೆ ಮೂವರು. ಐದು ತಿಂಗಳಿಂದ 7ನೇ ತರಗತಿಯ ಒಬ್ಬನನ್ನು ಗೋಳು ಹೊಯ್ದುಕೊಂಡಿದ್ದಾರೆ. ಸೋಪು, ಕೊಬ್ಬರಿ ಎಣ್ಣೆ ಎತ್ತಿಕೊಳ್ಳುವುದು, ಮನೆಯಿಂದ ಬಂದ ಶೇಂಗಾ ಉಂಡೆ ಡಬ್ಬಿ ಖಾಲಿ ಮಾಡುವುದು, ಬಕೆಟ್ ಹೊರಿಸುವುದು, ಬಟ್ಟೆ ಒಗೆಸುವುದು, ಒಂದು ಕೆಟ್ಟ ಅಡ್ಡಹೆಸರು. ಇನ್ನಿಬ್ಬರು ಚಿಕ್ಕವರಿಗೂ ಆಗೊಮ್ಮೆ ಈಗೊಮ್ಮೆ ಇದೇ ಕಾಟ.

ವಿಷಯ ಹೊರಬಿದ್ದಿದೆ, ಪೋಷಕರನ್ನು ಕರೆಸಿಯಾಗಿದೆ. ಆ ದೊಡ್ಡ ಹುಡುಗ ತಾನಾಗಿ ಬಂದು "ಸರ್, ಇನ್ಮೇಲೆ ಹಂಗ್ ಮಾಡಲ್ಲ, ಎಲ್ಲರ ಜೊತೆ ಸರಿ ಇರ್ತೀನಿ" ಎಂದಿದ್ದಾನೆ. ಮಕ್ಕಳು ಯಾರೂ ನಂಬುತ್ತಿಲ್ಲ. ಊಟಕ್ಕೆ ಅವನು ಬಂದು ಕೂತರೆ ಸಾಲಿಗೆ ಸಾಲೇ ಎದ್ದು ಜರುಗುತ್ತದೆ. ಮೊದಲು ಯಾರ ಜೊತೆ ಮಾತು? ಕ್ಷಮೆ ಕೇಳಿಸುವುದು ಹೇಗೆ, ಯಾವಾಗ? ಬದಲಾಗಿದ್ದಾನೆ ಎಂದು ತಿಳಿಯುವುದು ಯಾವುದರಿಂದ? ದಯವಿಟ್ಟು ಕೆಲಸಕ್ಕೆ ಬರುವ ಹಾಗೆ ಹೇಳಿ.

ಮನೋಮಿತ್ರ (ಶಾಲಾ ಆಪ್ತಸಮಾಲೋಚನೆ)

ಸರ್, ಮೊದಲ ಮಾತು ದೊಡ್ಡವನ ಜೊತೆಗಲ್ಲ, 7ನೇ ತರಗತಿಯ ಮಗುವಿನ ಜೊತೆ. ಅವನನ್ನು ಆಫೀಸಿಗೆ ಕರೆಸಬೇಡಿ. ಹೆಸರು ಕೂಗಿ ಕರೆಸಿದ ಮರುಕ್ಷಣವೇ "ಚಾಡಿ ಹೇಳೋಕೆ ಹೋದ" ಎಂಬ ಮಾತು ಹಾಸ್ಟೆಲ್ ತುಂಬ ಹರಡುತ್ತದೆ. ಹೊಸ ನೋಟ್‌ಬುಕ್ ಹಂಚುವಾಗಲೋ ಅಳತೆ, ತೂಕ ನೋಡುವಾಗಲೋ, ಎಲ್ಲ ಮಕ್ಕಳೂ ಒಬ್ಬೊಬ್ಬರಾಗಿ ಬರುವ ಹೊತ್ತಿನಲ್ಲಿ ಅವನಿಗೆ ಹತ್ತು ನಿಮಿಷ ಹೆಚ್ಚು ಕೊಡಿ. ಮೂರು ಪ್ರಶ್ನೆ ಸಾಕು. ದಿನದ ಯಾವ ಹೊತ್ತು ನಿನಗೆ ಭಯ? ಯಾವ ಜಾಗಕ್ಕೆ ಹೋಗುವುದನ್ನು ಬಿಟ್ಟಿದ್ದೀಯ? ನಾಳೆಯಿಂದಲೇ ಒಂದು ಬದಲಾಗಬೇಕು ಅಂದರೆ ಯಾವುದು ಬದಲಾಗಲಿ? ಉತ್ತರವನ್ನು ಅವನ ಮಾತಿನಲ್ಲೇ ಬರೆದಿಡಿ. ಮುಂದಿನ ಎಲ್ಲ ಅಳತೆಗೂ ಇದೇ ಮೂಲ.

ದೊಡ್ಡವನಿಂದ ಬರೆಸಬೇಕಾದದ್ದು ತಪ್ಪೊಪ್ಪಿಗೆ ಪತ್ರವಲ್ಲ. ತಪ್ಪೊಪ್ಪಿಗೆ ಪತ್ರ ಎಂದಕೂಡಲೇ ಮಕ್ಕಳು "ಇನ್ನು ಮುಂದೆ ಇಂಥ ತಪ್ಪು ಮಾಡುವುದಿಲ್ಲ, ಇದೊಂದು ಸಲ ಕ್ಷಮಿಸಿ" ಎಂಬ ಎರಡು ಸಾಲು ಬರೆದು ಸಹಿ ಹಾಕುತ್ತಾರೆ. ಅದರಲ್ಲಿ ಏನು ಮಾಡಿದ ಎಂಬುದೇ ಇರುವುದಿಲ್ಲ. ಉದ್ದ ಹಾಳೆಯಲ್ಲಿ ಐದು ಕಲಂ ಗೆರೆ ಹಾಕಿ ಕೊಡಿ: ಯಾರಿಗೆ, ಏನು ಮಾಡಿದೆ, ಎಲ್ಲಿ, ಯಾರು ನೋಡುತ್ತಿದ್ದರು, ಅದರಿಂದ ನನಗೆ ಏನು ಸಿಕ್ಕಿತು. ಕೊನೆಯ ಕಲಂ ತುಂಬುವುದೇ ಕಷ್ಟ, ಉಪಯೋಗಕ್ಕೆ ಬರುವುದೂ ಅದೇ. "ಬಿಸಿನೀರು ಮೊದಲು ಸಿಕ್ಕಿತು", "ಅವರು ಮೂವರೂ ನಕ್ಕರು", "ಬಟ್ಟೆ ಒಗೆಯುವ ಕೆಲಸ ಉಳಿಯಿತು" ಎಂದು ಬರೆಯುತ್ತಾನೆ. ಇನ್ನು ಮುಂದೆ ಅವೆಲ್ಲ ಅವನಿಗೆ ನ್ಯಾಯವಾದ ದಾರಿಯಲ್ಲಿ ಸಿಗಬೇಕು, ಇಲ್ಲವೇ ಸಿಗದಿದ್ದರೂ ಬದುಕುವುದನ್ನು ಕಲಿಯಬೇಕು. ಇದನ್ನು ಒಂದೇ ಸಲ ಕೂರಿಸಿ ಬರೆಸಬೇಡಿ. ದಿನಕ್ಕೆ ಅರ್ಧ ಗಂಟೆಯಂತೆ ಮೂರು ದಿನ ಕೊಡಿ. ಮೊದಲ ದಿನ ನಾಲ್ಕು ಸಾಲು ಬರುತ್ತದೆ, ಮೂರನೇ ದಿನ ಇಪ್ಪತ್ತು.

ಹಲಗೆಬಳಪ

ಇಷ್ಟೆಲ್ಲ ಯಾಕೆ? ಸೋಮವಾರ ಪ್ರಾರ್ಥನೆ ವೇಳೆ ಎಲ್ಲರ ಮುಂದೆ ನಿಲ್ಲಿಸಿ ಆ ಚಿಕ್ಕ ಹುಡುಗನ ಹತ್ತಿರ ಸಾರಿ ಕೇಳಿಸಿ, ಇಬ್ಬರ ಕೈ ಕುಲುಕಿಸಿ. ತಪ್ಪು ಮಾಡಿದ್ದು ಎಲ್ಲರ ಮುಂದೆ ಅಂದಮೇಲೆ ಕ್ಷಮೆಯೂ ಎಲ್ಲರ ಮುಂದೆಯೇ ಆಗಬೇಕು.

ಮನೋಮಿತ್ರ

@ಹಲಗೆಬಳಪ ಮೇಷ್ಟ್ರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ಇದು ಕೆಡಿಸುತ್ತದೆ. 80 ಜನರ ಎದುರು ಕೈ ಚಾಚಿ ನಿಂತವನಿಗೆ ಚಿಕ್ಕವನು "ಇಲ್ಲ" ಎನ್ನಲು ಸಾಧ್ಯವೇ ಇಲ್ಲ. ಅಂದರೆ ಐದು ತಿಂಗಳು ನಡೆದ ಬಲವಂತಕ್ಕೆ ಇನ್ನೊಂದು ಬಲವಂತ ಸೇರಿತು, ಈ ಸಲ ನಮ್ಮ ಕೈಯಿಂದಲೇ. ಅವನು ಅನುಭವಿಸಿದ್ದೆಲ್ಲ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ದೊಡ್ಡವನಿಗೆ ಅವಮಾನವಾದರೆ ಅದರ ಲೆಕ್ಕ ರಾತ್ರಿ ದೀಪ ಆರಿದ ಮೇಲೆ ಚಿಕ್ಕವನ ಮೇಲೆಯೇ ತೀರುತ್ತದೆ.

ಇಬ್ಬರನ್ನೂ ಎದುರುಬದುರು ಕೂರಿಸಿ "ರಾಜಿ" ಮಾಡಿಸುವುದೂ ಬೇಡ. ರಾಜಿ ಪಂಚಾಯ್ತಿ ಸರಿಹೊಂದುವುದು ಸಮಬಲದವರ ಜಗಳಕ್ಕೆ. ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಇಂಥ ಕಾಟಕ್ಕೆ ಮೂರು ಗುರುತು ಹೇಳಿದ್ದರು: ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಬಲದಲ್ಲಿ ಏರುಪೇರು ಇರುವುದು. ಮೂರನೆಯದು ಇದ್ದಲ್ಲಿ "ನೀನು ಸ್ವಲ್ಪ ಬಿಡು, ಅವನೂ ಸ್ವಲ್ಪ ಬಿಡ್ತಾನೆ" ಎನ್ನಲು ಆಗುವುದಿಲ್ಲ. ಚಿಕ್ಕವನ ಹತ್ತಿರ ಬಿಡಲು ಏನಿದೆ?

ತುಂಗಾತೀರ

ಕ್ಷಮೆಯ ಮಾತಿನ ಬಗ್ಗೆ. 2016ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಜೊತೆಗಾರರು ಕ್ಷಮೆಯಾಚನೆಯನ್ನು ಆರು ಭಾಗ ಮಾಡಿ ಯಾವುದಕ್ಕೆ ತೂಕ ಹೆಚ್ಚು ಎಂದು ನೋಡಿದರು. ಎಲ್ಲಕ್ಕಿಂತ ಮೇಲೆ ಬಂದದ್ದು "ತಪ್ಪು ನನ್ನದು" ಎಂದು ಹೊಣೆ ಹೊರುವುದು, ನಂತರ ಆದ ನಷ್ಟ ತುಂಬಿಕೊಡುವುದು. ತೀರ ಕೆಳಗೆ ಉಳಿದದ್ದು "ನನ್ನನ್ನು ಕ್ಷಮಿಸಿ" ಎಂಬ ಬೇಡಿಕೆ. ನಮ್ಮಲ್ಲಿ ನಡೆಯುವುದು ತಿರುಗಾಮುರುಗಾ: ಕೊನೆಯದೊಂದನ್ನೇ ಕೇಳಿಸಿ ಮುಗಿಸುತ್ತೇವೆ.

ಹುಡುಗರ ಬಾಯಲ್ಲಿ ಮೊದಲು ಬರುವುದು ಇವು:
"ಬೇಜಾರಾಗಿದ್ರೆ ಸಾರಿ." ಬೇಜಾರು ಮಾಡಿಕೊಂಡದ್ದೇ ಅವನ ತಪ್ಪು ಎಂಬಂತೆ ಕೇಳುತ್ತದೆ.
"ತಮಾಷೆಗೆ ಮಾಡಿದ್ದು ಕಣೋ." ಹಾಗಾದರೆ ಅತ್ತವನು ದಡ್ಡ ಎಂದಾಯಿತು.
"ನೀನೂ ಒಂದ್ಸಲ ಬೈದಿದ್ದೆ." ಇದು ಲೆಕ್ಕ ಚುಕ್ತಾ ಮಾಡುವ ಮಾತು.
"ಕ್ಷಮಿಸಿದೀನಿ ಅಂತ ಹೇಳು, ವಾರ್ಡನ್ ಸರ್ ಕೇಳ್ತಾರೆ." ಇದು ಹೊಸ ಬೆದರಿಕೆ.

ಸರಿಯಾದದ್ದು ಸುಮಾರು ಹೀಗಿರುತ್ತದೆ: "ನಿನ್ನ ಬಕೆಟ್ ಕಿತ್ಕೊಂಡೆ. ನಿನ್ನ ಕೈಲಿ ನನ್ನ ಬಟ್ಟೆ ಒಗೆಸಿದೆ. ಎಲ್ಲರ ಮುಂದೆ ಆ ಹೆಸರಿಂದ ಕರೆದೆ, ಬೇರೆಯವರೂ ಕರೆಯೋ ಹಾಗೆ ಮಾಡಿದೆ. ನೀನೇನೂ ಮಾಡಿರ್ಲಿಲ್ಲ, ತಪ್ಪು ನಂದು. ಇನ್ನು ನಿನ್ನ ಸಾಮಾನು ಮುಟ್ಟಲ್ಲ. ಆ ಹೆಸರು ಯಾರಾದ್ರೂ ಕರೆದ್ರೆ ಬೇಡ ಅಂತ ನಾನೇ ಹೇಳ್ತೀನಿ. ನೀನು ನನ್ನ ಜೊತೆ ಮಾತಾಡ್ಲೇಬೇಕು ಅಂತೇನಿಲ್ಲ." ಅಷ್ಟೇ, ಅರ್ಧ ನಿಮಿಷ. ಇದನ್ನು ಉರು ಹೊಡೆಸಬೇಡಿ. ಮನೋಮಿತ್ರ ಮೇಡಂ ಹೇಳಿದ ಐದು ಕಲಂ ಹಾಳೆಯಿಂದ ಅವನೇ ಆರಿಸಿಕೊಳ್ಳಲಿ, ನಿಮ್ಮ ಮುಂದೆ ಒಂದು ಸಲ ಹೇಳಿ ನೋಡಲಿ. "ಆದ್ರೆ" ಎಂಬ ಪದ ಎಲ್ಲಿ ಬಂತೋ ಅಲ್ಲಿ ನಿಲ್ಲಿಸಿ.

ಇದನ್ನು ಯಾವಾಗ ಹೇಳಬೇಕು ಎಂಬುದನ್ನು ನಿರ್ಧರಿಸುವವನು ಚಿಕ್ಕವನು. ಕೇಳಲು ಇಷ್ಟವಿದೆಯೇ, ನೇರವಾಗಿಯೇ ಬರೆದೇ, ಪಕ್ಕದಲ್ಲಿ ಯಾರಿರಬೇಕು, ಈ ಮೂರನ್ನೂ ಅವನ ಬಾಯಿಂದ ಕೇಳಿ. ಬೇಡ ಎಂದರೆ ಚೀಟಿ ನಿಮ್ಮ ಕಪಾಟಿನಲ್ಲಿರಲಿ.

ಕಾಯ್ದೆ ಪುಸ್ತಕ

ಮುಂದೆ ಹೋಗುವ ಮುನ್ನ ಒಂದನ್ನು ಖಚಿತ ಮಾಡಿಕೊಳ್ಳಿ ಸರ್. ಈ ಐದು ತಿಂಗಳ ಕಾಟದಲ್ಲಿ ಬಟ್ಟೆ ಬಿಚ್ಚಿಸುವುದು, ಗುಪ್ತಾಂಗ ಮುಟ್ಟುವುದು, ಅಂಥ ವಿಡಿಯೋ ಮಾಡುವುದು ಏನಾದರೂ ನಡೆದಿದೆಯೇ? ನಡೆದಿದ್ದರೆ "ಹುಡುಗ ತಿದ್ದಿಕೊಳ್ಳುತ್ತಿದ್ದಾನೆ" ಎಂದು ಒಳಗೇ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆ, 2012ರ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ 21ನೇ ಕಲಮಿನಲ್ಲಿ ಶಿಕ್ಷೆ ಇದೆ. ಅಡ್ಡಹೆಸರು ಜಾತಿಯದ್ದಾಗಿದ್ದರೆ ಅದೂ "ಅಡ್ಡಹೆಸರು" ಎಂಬ ಮಾತಿನಲ್ಲಿ ಮುಗಿಯುವುದಿಲ್ಲ. ಮೇಲಧಿಕಾರಿಗಳಿಗೆ ಲಿಖಿತವಾಗಿ ಹೋಗಬೇಕು.

ಕರ್ನಾಟಕ ಶಿಕ್ಷಣ ಕಾಯ್ದೆ, 1983ರಲ್ಲಿ ರ‍್ಯಾಗಿಂಗ್‌ಗೆ ವ್ಯಾಖ್ಯೆಯೂ ಇದೆ, ಶಿಕ್ಷೆಯೂ ಇದೆ. ಯುಜಿಸಿಯ 2009ರ ನಿಯಮಗಳನ್ನು ಇಲ್ಲಿ ಎಳೆದು ತರಬೇಡಿ, ಅವು ಕಾಲೇಜು, ವಿಶ್ವವಿದ್ಯಾಲಯಗಳಿಗೆ. 18 ತುಂಬದವನ ಮೇಲೆ ದೂರು ದಾಖಲಾದರೆ ಅದು ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಮಂಡಳಿಯ ಮುಂದಿರುವ ದಾರಿಗಳಲ್ಲಿ ಬುದ್ಧಿವಾದ, ಆಪ್ತಸಮಾಲೋಚನೆ, ಸಮುದಾಯ ಸೇವೆ ಮೊದಲಿಗೇ ಬರುತ್ತವೆ. ಅಂದರೆ ಕಾನೂನು ಕೂಡ ಹುಡುಗನನ್ನು ತಿದ್ದುವ ಕಡೆಗೇ ನೋಡುತ್ತದೆ. ಆದರೆ ಎಲ್ಲವೂ ದಾಖಲೆಯಲ್ಲಿರಬೇಕು ಎನ್ನುತ್ತದೆ.

"ಟಿ.ಸಿ. ಕೊಟ್ಟು ಕಳಿಸಿ" ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ. ನಿಮ್ಮ ಹುಡುಗ 9ನೇ ತರಗತಿ, ಆ ರಕ್ಷಣೆ ಅವನಿಗಿಲ್ಲ. ಅವನ ಹಿಂದಿರುವ ಮೂವರಲ್ಲಿ 8ರವರು ಇದ್ದರೆ ಅವರಿಗಿದೆ.

ನಿಲಯಪಾಲಕ

ಅಂಥದ್ದೇನೂ ನಡೆದಿಲ್ಲ, ಮೂರೂ ಮಕ್ಕಳನ್ನು ಬೇರೆ ಬೇರೆಯಾಗಿ ಕೇಳಿ ಬರೆದಿಟ್ಟಿದ್ದೇನೆ. ಅಡ್ಡಹೆಸರು ಮೈಕಟ್ಟಿಗೆ ಸಂಬಂಧಿಸಿದ್ದು. 7ನೇ ತರಗತಿಯವನು ಭಯದ ಹೊತ್ತು ಎಂದದ್ದು ಬೆಳಗಿನ ಬಿಸಿನೀರಿನ ಸಾಲು. ಬಿಟ್ಟ ಜಾಗವೂ ಅದೇ: ಒಂದೂವರೆ ತಿಂಗಳಿಂದ ಸಂಜೆ ತಣ್ಣೀರಿನಲ್ಲಿ ಸ್ನಾನ ಮಾಡುತ್ತಿದ್ದಾನೆ. ಕೇಳಿ ಮನಸ್ಸು ಹಿಂಡಿದಂತಾಯಿತು.

ಪಿ.ಟಿ. ಪೀರಿಯಡ್

ಸರ್, ಬಿಸಿನೀರಿನ ಲೆಕ್ಕ ಮಾಡಿ. ಹುಡುಗನ ಮನಸ್ಸು ತಿದ್ದುವ ಮೊದಲು ಆ ಸಾಲು ತಿದ್ದಬೇಕು. ಸೋಲಾರ್ ಟ್ಯಾಂಕ್ ಎಷ್ಟು ಲೀಟರ್? ನಲ್ಲಿ ಎಷ್ಟು?

ನಿಲಯಪಾಲಕ

1000 ಲೀಟರ್. ಬಿಸಿನೀರಿನ ನಲ್ಲಿ ಎರಡು. 15 ಲೀಟರ್ ಬಕೆಟ್‌ಗಳು. 5:15ಕ್ಕೆ ಶುರು, 6:45ಕ್ಕೆ ಯೋಗಾಸನ.

ಪಿ.ಟಿ. ಪೀರಿಯಡ್

ಸಮಸ್ಯೆ ಅಲ್ಲೇ ಇದೆ ನೋಡಿ. 80 ಮಕ್ಕಳು, 15 ಲೀಟರ್, ಒಟ್ಟು 1200 ಲೀಟರ್ ಬೇಕು. ಇರುವುದು 1000. ಕೊನೆಯ 13–14 ಮಕ್ಕಳಿಗೆ ದಿನವೂ ಬಿಸಿನೀರಿಲ್ಲ. ಆ ಕೊನೆಯ ಸಾಲಿಗೆ ಬೀಳಬಾರದು ಎಂದೇ ಎಲ್ಲರ ನೂಕಾಟ, ಮುಂದೆ ಯಾರು ನಿಲ್ಲಬೇಕು ಎಂದು ಹೇಳುವವನು ತಾನಾಗಿಯೇ ದಾದಾ ಆಗುತ್ತಾನೆ. ಈ ಹುಡುಗ ನಾಳೆ ಸಾಧು ಆದರೂ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ.

ಪ್ರತಿ ಬಕೆಟ್ಟಿನ ಒಳಗೆ 12 ಲೀಟರ್ ಮಟ್ಟಕ್ಕೆ ಕೆಂಪು ಪೇಂಟಿನ ಗೆರೆ ಹಾಕಿಸಿ. ಮಟ್ಟ ಹಿಡಿಯಲು ಒಂದು ಲೀಟರ್ ನೀರಿನ ಬಾಟಲಿ ಹನ್ನೆರಡು ಸಲ ಸುರಿದರೆ ಸಾಕು. 80 ಗುಣಿಸು 12, 960 ಲೀಟರ್. ಎಲ್ಲರಿಗೂ ಸಿಗುತ್ತದೆ, 40 ಲೀಟರ್ ಉಳಿಯುತ್ತದೆ. ಗೆರೆಗೆ ಎನಾಮಲ್ ಪೇಂಟೇ ಇರಲಿ, ಸ್ಕೆಚ್ ಪೆನ್ ಎರಡು ದಿನಕ್ಕೆ ಅಳಿಸುತ್ತದೆ. ಮೋಡ ಕವಿದ ದಿನ ನೀರು ಕಾಯುವುದಿಲ್ಲ. ಆವತ್ತು ಎಲ್ಲರಿಗೂ ಅರ್ಧ ಬಕೆಟ್ ಎಂಬ ನಿಯಮವನ್ನು ಮೊದಲೇ ಬರೆದು ಅಂಟಿಸಿ, ಬೆಳಿಗ್ಗೆ ನಲ್ಲಿಯ ಹತ್ತಿರ ತೀರ್ಮಾನ ಮಾಡಬೇಡಿ.

ಸಮಯ: ನಿಮಿಷಕ್ಕೆ 8 ಲೀಟರ್ ಬರುವ ನಲ್ಲಿಯಾದರೆ ಒಂದು ಬಕೆಟ್ಟಿಗೆ ಒಂದೂವರೆ ನಿಮಿಷ, ಎರಡು ನಲ್ಲಿಗೆ 80 ಬಕೆಟ್ ಒಂದು ಗಂಟೆ. ನಿಮ್ಮ ಹತ್ತಿರ ಒಂದೂವರೆ ಗಂಟೆ ಇದೆ. ತರಗತಿಗೆ 15 ನಿಮಿಷದಂತೆ ಐದು ಸರದಿ, 6ನೇ ತರಗತಿ ಮೊದಲು, 10ನೇ ತರಗತಿ ಕೊನೆಗೆ. ಪ್ರತಿ ಸೋಮವಾರ ಒಂದು ಮೆಟ್ಟಿಲು ತಿರುಗಿಸಿ. 7 ಮತ್ತು 9 ಒಂದರ ಹಿಂದೆ ಒಂದು ಬರದಂತೆ ನೋಡಿಕೊಳ್ಳಿ. ಮೊದಲ ಎರಡು ವಾರ ಸಿಬ್ಬಂದಿಯಲ್ಲಿ ಒಬ್ಬರು ನಲ್ಲಿಯ ಬಳಿಯೇ ನಿಲ್ಲಬೇಕು, ಟೀ ಲೋಟ ಹಿಡಿದು ವರಾಂಡದಲ್ಲಲ್ಲ.

ಊಟದ ಸಾಲು, ಟ್ರಂಕ್ ರೂಮು, ಒಗೆಯುವ ಕಲ್ಲು, ಇವಕ್ಕೂ ಇದೇ ಲೆಕ್ಕ ಮಾಡಿ. ಯಾವುದು ಕಡಿಮೆ ಬೀಳುತ್ತದೋ ಕಾಟ ಶುರುವಾಗುವುದೂ ಅಲ್ಲಿಂದಲೇ.

ಹಲಗೆಬಳಪ

ಗೆರೆಯ ವಿಚಾರ ಒಳ್ಳೆಯದು. ಪ್ರಾರ್ಥನೆ ವಿಷಯದಲ್ಲಿ ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಇನ್ನೊಂದು ಕೇಳುತ್ತೇನೆ: ಇಂಥ ಹುಡುಗರಿಗೆ ಜವಾಬ್ದಾರಿ ಕೊಟ್ಟರೆ ಸರಿಹೋಗುತ್ತಾರೆ ಎನ್ನುತ್ತಾರಲ್ಲ. ಬಿಸಿನೀರಿನ ಸಾಲಿಗೇ ಅವನನ್ನು ಲೀಡರ್ ಮಾಡಿದರೆ ಹೇಗೆ?

ತುಂಗಾತೀರ

ಬೇಡವೇ ಬೇಡ ಮೇಷ್ಟ್ರೇ. ನೇಮಿಸಿ ಕೊಟ್ಟ ಬೆತ್ತ ಕಿತ್ತುಕೊಂಡ ಬೆತ್ತಕ್ಕಿಂತ ಜೋರಾಗಿ ಬೀಳುತ್ತದೆ. ಚಿಕ್ಕವರಿಗೆ ಅದು "ಕಾಟ ಕೊಟ್ಟವನಿಗೆ ಬಡ್ತಿ" ಎಂದೇ ಕಾಣುವುದು.

ಜವಾಬ್ದಾರಿ ಕೊಡಿ, ಮನುಷ್ಯರ ಮೇಲಿನದ್ದು ಬೇಡ, ವಸ್ತುಗಳ ಮೇಲಿನದ್ದು ಕೊಡಿ. ಗ್ರಂಥಾಲಯದ ಪುಸ್ತಕಕ್ಕೆ ಬೈಂಡ್ ಹಾಕುವುದು, ತೋಟಕ್ಕೆ ನೀರು ಬಿಡುವುದು, ಮುರಿದ ಬೆಂಚಿಗೆ ಮೊಳೆ ಹೊಡೆಯುವಾಗ ಬಡಗಿಗೆ ನೆರವಾಗುವುದು. ಯಾರನ್ನೂ ಸಾಲಿನಲ್ಲಿ ನಿಲ್ಲಿಸುವ, ಹೆಸರು ಬರೆದುಕೊಳ್ಳುವ, ಬೀಗದ ಕೈ ಇಟ್ಟುಕೊಳ್ಳುವ ಕೆಲಸ ಮಾತ್ರ ಒಂದು ವರ್ಷ ಬೇಡ. ಮಾನಿಟರ್ ಪಟ್ಟಿಯಲ್ಲಿ ಅವನ ಹೆಸರಿದ್ದರೆ ಇವತ್ತೇ ತೆಗೆಯಿರಿ, ಕಾರಣ ಅವನಿಗೊಬ್ಬನಿಗೇ ಹೇಳಿ.

ಹಾಸ್ಟೆಲ್ ಅಕ್ಕ

ಎತ್ತಿಕೊಂಡ ಸಾಮಾನಿನ ಲೆಕ್ಕ ಯಾರೂ ಹೇಳಲಿಲ್ಲ. ಅದನ್ನು ಮರೆತರೆ ಮಕ್ಕಳು ಮರೆಯುವುದಿಲ್ಲ.

ಮೂರೂ ಮಕ್ಕಳು ಹೇಳಿದ ಪಟ್ಟಿ, ದೊಡ್ಡವನ ಹಾಳೆಯಲ್ಲಿರುವ ಪಟ್ಟಿ, ಎರಡನ್ನೂ ಪಕ್ಕ ಪಕ್ಕ ಇಡಿ. ಹೊಂದದೇ ಇರುವ ಕಡೆ ಚಿಕ್ಕವನ ಮಾತನ್ನೇ ಹಿಡಿಯಿರಿ, ಎರಡು ಸೋಪು ಹೆಚ್ಚಾದರೂ ಪರವಾಗಿಲ್ಲ. ಸೋಪಿಗೆ ಸೋಪು, ಎಣ್ಣೆಗೆ ಎಣ್ಣೆ, ಅದೇ ಅಳತೆ. ಒಂದಕ್ಕೆ ಎರಡು ಕೊಡಿಸಬೇಡಿ, ಅದು ಬಾಯಿ ಮುಚ್ಚಿಸುವ ಲಂಚದಂತೆ ಕಾಣುತ್ತದೆ. ಮನೆಯಿಂದ ಬಂದ ಉಂಡೆಯನ್ನು ಅಂಗಡಿಯ ಉಂಡೆಯಿಂದ ತುಂಬಿಕೊಡಲಾಗದು. ಅದನ್ನು ಹಾಗೆಯೇ ಒಪ್ಪಿಕೊಳ್ಳಬೇಕು: "ಇದನ್ನ ವಾಪಸ್ ಕೊಡಕ್ಕಾಗಲ್ಲ, ನನಗೆ ಗೊತ್ತು" ಎಂದು ಅವನ ಮಾತಿನಲ್ಲಿ ಸೇರಬೇಕು.

ದುಡ್ಡು ಅಪ್ಪನ ಜೇಬಿನಿಂದ ಒಂದೇ ಸಲ ಬಂದರೆ ಹುಡುಗನಿಗೆ ಏನೂ ತಟ್ಟುವುದಿಲ್ಲ. ಮನೆಯಿಂದ ಅವನ ಕೈಖರ್ಚಿಗೆ ಬರುವುದರಲ್ಲಿ ವಾರಕ್ಕಿಷ್ಟು ಮುರಿದು, ಎಂಟು-ಹತ್ತು ವಾರದಲ್ಲಿ ತೀರುವ ಹಾಗೆ ಮಾಡಿ. ಸಾಮಾನು ವಾರ್ಡನ್ ಕೈಯಿಂದಲೇ ಚಿಕ್ಕವನಿಗೆ ತಲುಪಲಿ, ಸಹಿ ಹಾಕಿಸಿಕೊಳ್ಳಿ. ಇವನೇ ಹೋಗಿ ಕೊಟ್ಟರೆ "ಸೋಪು ಕೊಟ್ಟೆ ಅಲ್ವಾ, ಈಗ ಮಾತಾಡು" ಎಂಬ ಒತ್ತಾಯ ಜೊತೆಗೇ ಹೋಗುತ್ತದೆ.

ಹೆಣ್ಣುಮಕ್ಕಳ ಹಾಸ್ಟೆಲ್‌ನವರು ಓದುತ್ತಿದ್ದರೆ ಒಂದು ಮಾತು: ಅಲ್ಲಿ ಬಕೆಟ್ಟಿಗಿಂತ ಹೆಚ್ಚಾಗಿ ಮಾತು ಬಿಡಿಸುವ ಕಾಟ. "ಅವಳ ಜೊತೆ ಮಾತಾಡಿದ್ರೆ ನನ್ನ ಜೊತೆ ಬರಬೇಡ" ಎಂದು ಒಬ್ಬಳು ಆಡಿದ ಮಾತಿಗೆ ಹತ್ತು ಜನ ಕಟ್ಟುಬೀಳುತ್ತಾರೆ. ಅದನ್ನು ತುಂಬಿಕೊಡುವ ರೀತಿ ಎಂದರೆ, ಯಾರ್ಯಾರಿಗೆ ಹಾಗೆ ಹೇಳಿದ್ದಳೋ ಆ ಒಬ್ಬೊಬ್ಬರ ಹತ್ತಿರವೂ ಹೋಗಿ "ನಾನು ಹೇಳಿದ್ದು ಸುಳ್ಳು, ಅವಳದ್ದೇನೂ ತಪ್ಪಿಲ್ಲ" ಎಂದು ತಾನೇ ಹೇಳಬೇಕು. ನೊಂದವಳ ಹತ್ತಿರ ಮಾತ್ರ ಸಾರಿ ಕೇಳಿದರೆ ಹಬ್ಬಿದ ಮಾತು ಹಬ್ಬಿದ ಹಾಗೇ ಉಳಿಯುತ್ತದೆ. ರಜೆಯಲ್ಲಿ ಮನೆಯ ಫೋನಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದರೆ ಅದೇ ಗುಂಪಿನಲ್ಲಿ ಬರೆಯಬೇಕು.

ಮನೋಮಿತ್ರ

ಹಿಂದಿರುವ ಮೂವರ ಬಗ್ಗೆ. ಫಿನ್‌ಲೆಂಡ್‌ನ ಮನಶ್ಶಾಸ್ತ್ರಜ್ಞೆ ಕ್ರಿಸ್ಟೀನಾ ಸಾಲ್ಮಿವಾಲ್ಲಿ 1996ರಲ್ಲಿ ತೋರಿಸಿದ ಹಾಗೆ ಕಾಟ ಎಂದರೆ ಇಬ್ಬರ ನಡುವಿನ ವಿಷಯವಲ್ಲ. ಕೈ ಜೋಡಿಸುವವರು, ನಕ್ಕು ಹುರಿದುಂಬಿಸುವವರು, ನೋಡಿಯೂ ನೋಡದಂತೆ ಇರುವವರು, ಪರ ನಿಲ್ಲುವವರು, ಹೀಗೆ ಇಡೀ ಗುಂಪು ಒಂದೊಂದು ಪಾತ್ರದಲ್ಲಿರುತ್ತದೆ. ಶಾಲೆಗಳಲ್ಲಿ ಕಾಟ ತಡೆಯುವ ಅಲ್ಲಿನ ಕಿವಾ ಕಾರ್ಯಕ್ರಮ ನಿಂತಿರುವುದೇ ಇದರ ಮೇಲೆ. ಅದರಲ್ಲಿ ಕಾಟ ಕೊಟ್ಟವರನ್ನು ಮೊದಲು ಒಬ್ಬೊಬ್ಬರಾಗಿ, ನಂತರ ಒಟ್ಟಿಗೆ ಕರೆದು ಮಾತಾಡುತ್ತಾರೆ. ಜೊತೆಗೆ ತರಗತಿಯಲ್ಲಿ ಎಲ್ಲರೂ ಮೆಚ್ಚುವ ಎರಡು-ನಾಲ್ಕು ಮಕ್ಕಳನ್ನು ಬೇರೆಯಾಗಿ ಕರೆದು ನೊಂದ ಮಗುವಿನ ಜೊತೆ ಇರಿ ಎನ್ನುತ್ತಾರೆ. ನೀವೂ ಹಾಗೇ ಮಾಡಿ.

ನಾಲ್ವರನ್ನೂ ಒಂದೇ ಸಂಜೆ, ಒಬ್ಬನ ಬೆನ್ನಿಗೇ ಇನ್ನೊಬ್ಬನನ್ನು ಮಾತಾಡಿಸಿ. ನಡುವೆ ರಾತ್ರಿ ಕಳೆದರೆ ನಾಲ್ವರ ಕಥೆಯೂ ಒಂದೇ ಆಗುತ್ತದೆ. ಮಂಚ ಬದಲಿಸಬೇಕು, ಆದರೆ ಜಾಗ ಬಿಡಬೇಕಾದವರು ಇವರು. ನೊಂದವನನ್ನು "ನಿನ್ನ ಒಳ್ಳೇದಕ್ಕೆ" ಎಂದು ಬೇರೆ ಕೋಣೆಗೆ ಕಳಿಸಿದರೆ ಶಿಕ್ಷೆ ಅವನಿಗೇ ಆದ ಹಾಗೆ. ನಾಲ್ವರೂ ನಾಲ್ಕು ಮೂಲೆಗೆ, ದೊಡ್ಡವನ ಮಂಚ ಬಾಗಿಲ ಹತ್ತಿರ, ರಾತ್ರಿ ಸುತ್ತು ಬರುವವರ ಕಣ್ಣಿಗೆ ಬೀಳುವಲ್ಲಿ.

ಎರಡನೇ ವಾರದಲ್ಲಿ ಮೂವರೂ ಅವನನ್ನು ಪರೀಕ್ಷೆ ಮಾಡುತ್ತಾರೆ. "ಏನಲೇ, ವಾರ್ಡನ್ ಚೇಲಾ ಆದ್ಯಾ?" ಎನ್ನುತ್ತಾರೆ, ಅವನ ಕಣ್ಣೆದುರೇ ಆ ಅಡ್ಡಹೆಸರು ಕೂಗುತ್ತಾರೆ. ಆಗ ಏನು ಹೇಳಬೇಕೆಂದು ಅವನಿಗೆ ಮೊದಲೇ ಗೊತ್ತಿರಬೇಕು. ಉಪದೇಶ ಮಾಡಿದರೆ ನಗುತ್ತಾರೆ. "ಬೇಡ ಬಿಡ್ರೋ, ಬನ್ನಿ ವಾಲಿಬಾಲ್‌ಗೆ" ಎಂದು ಹೇಳಿ ಅಲ್ಲಿಂದ ನಡೆದುಬಿಡಬೇಕು. ಅಷ್ಟಕ್ಕೇ ಬಹಳ ಕೆಲಸವಾಗುತ್ತದೆ. ಕೆನಡಾದಲ್ಲಿ ಹಾಕಿನ್ಸ್, ಪೆಪ್ಲರ್, ಕ್ರೇಗ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಯ ಮಕ್ಕಳು ನಡುವೆ ಬಂದ ಸಂದರ್ಭಗಳಲ್ಲಿ 57 ಶೇಕಡ ಕಡೆ ಕಾಟ ಹತ್ತು ಸೆಕೆಂಡಿನೊಳಗೆ ನಿಂತಿತ್ತು.

ಇನ್ನು ಅವನ ಸಿಟ್ಟು. ಸಿಟ್ಟು ಬಂದಾಗ ಮೈಯಲ್ಲಿ ಮೊದಲು ಏನಾಗುತ್ತದೆ ಎಂದು ಕೇಳಿ. ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಕೈ ಮುಷ್ಟಿಯಾಗುತ್ತದೆ ಎಂದು ಏನಾದರೊಂದು ಹೇಳುತ್ತಾನೆ. ಆ ಗುರುತು ಕಂಡಕೂಡಲೇ ಜಾಗ ಬಿಟ್ಟು ಹೋಗಲು ಒಂದು ನೆಲೆ ಇರಲಿ: ಹ್ಯಾಂಡ್‌ಪಂಪ್, ಅಡುಗೆ ಮನೆಯ ಹಿಂದಿನ ಕಟ್ಟೆ, ಎಲ್ಲಾದರೂ. ಹೋಗುವಾಗ ಯಾರ ಅಪ್ಪಣೆಯೂ ಬೇಡ, ಎಲ್ಲಿದ್ದಾನೆಂದು ನಿಮಗೆ ಗೊತ್ತಿದ್ದರೆ ಸಾಕು.

ಹಾಸ್ಟೆಲ್ ಅಕ್ಕ

ಅವನಿಗೇ ಯಾರಾದರೂ ಹೊಡೆಯುತ್ತಿದ್ದಾರೆಯೇ ಎಂದೂ ಕೇಳಿ ಸರ್. 10ನೇ ತರಗತಿಯವರಿಂದಲೋ ಮನೆಯಲ್ಲೋ. ಕಾಟ ಕೊಡುವವರಲ್ಲಿ ಕಾಟ ತಿನ್ನುತ್ತಿರುವವರೂ ಇರುತ್ತಾರೆ. ಅಪ್ಪನಿಗೆ ಫೋನ್ ಮಾಡಿ "ನಿಮ್ಮ ಮಗ ಹೀಗೆ ಮಾಡಿದ" ಎಂದು ನಿಲ್ಲಿಸಿದರೆ ರಜೆಗೆ ಹೋದಾಗ ಬೆಲ್ಟು ಕೈಗೆ ಬರುತ್ತದೆ, ವಾಪಸ್ ಬಂದಾಗ ಆ ಬೆಲ್ಟಿನ ಪೆಟ್ಟು ಇಲ್ಲಿ ಇನ್ನೊಬ್ಬರ ಬೆನ್ನಿಗೆ ಇಳಿಯುತ್ತದೆ. "ಯಜಮಾನ್ರೇ, ಹೊಡೆಯೋದು ಬೇಡ. ಅವನು ಬರೆದುಕೊಟ್ಟಿದ್ದಾನೆ, ದುಡ್ಡು ತೀರಿಸ್ತಿದಾನೆ. ನೀವು ವಾರಕ್ಕೊಮ್ಮೆ ಫೋನ್ ಮಾಡಿದಾಗ ಎಷ್ಟು ತೀರಿತು ಅಂತ ಕೇಳಿ, ಸಾಕು" ಎನ್ನಿ. ಮನೆಯಲ್ಲಿ ಹಿಂಸೆ ಇದೆ ಎಂದು ಗೊತ್ತಾದರೆ 1098 ಮಕ್ಕಳ ಸಹಾಯವಾಣಿ. ನಿದ್ದೆ ಬರದಿರುವುದು, ಸಾಯುವ ಮಾತು ಕೇಳಿಬಂದರೆ, ಇಬ್ಬರಲ್ಲಿ ಯಾರಿಂದಲೇ ಬರಲಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡಬಹುದು.

ನಿಲಯಪಾಲಕ

ಎಲ್ಲರಿಗೂ ವಂದನೆ. ಎರಡು ಪ್ರಶ್ನೆ ಉಳಿದಿವೆ. ಮತ್ತೆ ತಪ್ಪಿದರೆ? ಬದಲಾದದ್ದು ನಿಜವೇ ಎಂದು ಗೊತ್ತಾಗುವುದು ಹೇಗೆ?

ತುಂಗಾತೀರ

ತಪ್ಪುತ್ತಾನೆ ಎಂದು ಈಗಲೇ ಎಣಿಸಿಕೊಳ್ಳಿ. ಮೂರನೇ ವಾರದಿಂದ ಆರನೇ ವಾರದ ನಡುವೆ, ದೊಡ್ಡವರ ಕಣ್ಗಾವಲು ಸಡಿಲವಾದಾಗ ಸಾಮಾನ್ಯವಾಗಿ ಆಗುವುದು. ಎರಡು ಬಗೆ ಬೇರೆ ಮಾಡಿ. ಬಾಯಿತಪ್ಪಿ ಅಡ್ಡಹೆಸರು ಬಂತು, ಸಾಲಿನಲ್ಲಿ ಮೊಣಕೈ ತಾಕಿಸಿದ: ಅದೇ ಸಂಜೆ ದೀಪ ಆರುವ ಮೊದಲು ಕರೆದು ಐದು ಕಲಂ ಹಾಳೆಯಲ್ಲಿ ಒಂದು ಸಾಲು ಬರೆಸಿ, ಹೋದದ್ದನ್ನು ಸರಿಮಾಡಿಸಿ, ಅಲ್ಲಿಗೆ ಬಿಡಿ. "ನೋಡಿದ್ರಾ, ನಾಯಿ ಬಾಲ" ಎನ್ನಬೇಡಿ, ಆ ಮಾತು ಕಿವಿಗೆ ಬಿದ್ದರೆ ಅವನೂ ಕೈಚೆಲ್ಲುತ್ತಾನೆ. ಹೊಡೆದ, ಸಾಮಾನು ಕಿತ್ತ, "ಹೇಳಿದ್ರೆ ನೋಡು" ಎಂದು ಹೆದರಿಸಿದ: ಇದು ಬೇರೆ. ಅದೇ ದಿನ ಪೋಷಕರು, ಮುಖ್ಯೋಪಾಧ್ಯಾಯರು, ಲಿಖಿತ ದಾಖಲೆ. ಮೊದಲೇ ಹೇಳಿಟ್ಟ ಪರಿಣಾಮವೇ ಆಗಬೇಕು, ಸಿಟ್ಟಿನಲ್ಲಿ ಹೊಸದು ಹುಟ್ಟಬಾರದು. ಯಾವುದಕ್ಕೂ ಊಟ ತಪ್ಪಿಸುವುದು, ಬಿಸಿಲಲ್ಲಿ ನಿಲ್ಲಿಸುವುದು, ಹೊಡೆಯುವುದು ಸಲ್ಲದು. ದೊಡ್ಡವನು ಚಿಕ್ಕವನಿಗೆ ನೋವು ಕೊಟ್ಟು ಕೆಲಸ ಮಾಡಿಸಬಹುದು ಎಂಬುದನ್ನೇ ಅವನು ಇದುವರೆಗೆ ಕಲಿತಿರುವುದು.

ಮನೋಮಿತ್ರ

ಅಳತೆಗೆ ದೊಡ್ಡವನ ಮುಖ ನೋಡಬೇಡಿ. ವಿನಯ ಎರಡೇ ವಾರದಲ್ಲಿ ಬರುತ್ತದೆ. ಚಿಕ್ಕವನ ಕಾಲು ನೋಡಿ, ಎಲ್ಲಿಗೆ ಹೋಗುತ್ತಿದ್ದಾನೆ ಎಂದು. ಬೆಳಗಿನ ಬಿಸಿನೀರಿಗೆ ತನ್ನ ಸರದಿಯಲ್ಲಿ ಬಂದನೇ? ವಾರಕ್ಕೆ ಎಷ್ಟು ದಿನ? 0 ಇದ್ದದ್ದು 2 ಆಯಿತು, 5 ಆಯಿತು, ಇದನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಉಂಡೆ ಡಬ್ಬಿಯನ್ನು ಬೇರೆಯವರೆದುರು ತೆರೆಯುತ್ತಾನೆಯೇ? 3ನೇ ದಿನ, 7ನೇ ದಿನ, ಎರಡನೇ, ನಾಲ್ಕನೇ, ಎಂಟನೇ, ಹನ್ನೆರಡನೇ ವಾರ, ಐದು ನಿಮಿಷ ಒಬ್ಬನನ್ನೇ ಮಾತಾಡಿಸಿ. ಮೊದಲ ದಿನ ಕೇಳಿದ ಅದೇ ಮೂರು ಪ್ರಶ್ನೆ.

ಎಂಟನೇ ವಾರಕ್ಕೆ 80 ಮಕ್ಕಳಿಗೂ ಒಂದು ಚೀಟಿ ಕೊಡಿ. ಹೆಸರಿಲ್ಲ, ಬರವಣಿಗೆ ಇಲ್ಲ, ಬರೀ ಟಿಕ್, ಯಾಕೆಂದರೆ ಅಕ್ಷರ ನೋಡಿ ಯಾರದೆಂದು ಹೇಳುವ ಮಕ್ಕಳಿರುತ್ತಾರೆ. ಎಲ್ಲರಿಗೂ ಒಂದೇ ಬಣ್ಣದ ಪೆನ್. "ಕಳೆದ ಎರಡು ತಿಂಗಳಲ್ಲಿ ಯಾರಾದರೂ ನಿನಗೆ ಕಾಟ ಕೊಟ್ಟಿದ್ದಾರೆಯೇ: ಇಲ್ಲ / ಒಂದೆರಡು ಸಲ / ತಿಂಗಳಿಗೆ ಎರಡು ಮೂರು ಸಲ / ವಾರಕ್ಕೊಮ್ಮೆ / ವಾರಕ್ಕೆ ಹಲವು ಸಲ." ಓಲ್ವೇಯಸ್ ಪ್ರಶ್ನಾವಳಿಯ ರೀತಿ ಇದೇ, "ತಿಂಗಳಿಗೆ ಎರಡು ಮೂರು ಸಲ" ಮತ್ತು ಅದಕ್ಕಿಂತ ಹೆಚ್ಚು ಎಂದವರನ್ನು ಕಾಟಕ್ಕೆ ಒಳಗಾದವರೆಂದು ಎಣಿಸುತ್ತಾರೆ. ಎರಡನೇ ಪ್ರಶ್ನೆ: ಎಲ್ಲಿ? ಸ್ನಾನದ ಮನೆ, ಊಟದ ಹಾಲ್, ಮಲಗುವ ಕೋಣೆ, ಮೈದಾನ, ತರಗತಿ. ಎಲ್ಲಿ ಟಿಕ್ ಹೆಚ್ಚೋ ಮುಂದಿನ ತಿಂಗಳು ಸಿಬ್ಬಂದಿ ಅಲ್ಲಿ ನಿಲ್ಲಬೇಕು. ಮೊದಲ ಸಲ ಸಂಖ್ಯೆ ನೀವು ಎಣಿಸಿದ್ದಕ್ಕಿಂತ ಜಾಸ್ತಿಯೇ ಬರಬಹುದು. ಅದು ಕಾಟ ಹೆಚ್ಚಾದದ್ದಲ್ಲ, ಹೇಳಲು ಧೈರ್ಯ ಬಂದದ್ದೂ ಇರಬಹುದು.

ನಿಲಯಪಾಲಕ

ನಿನ್ನೆ ಚಿಕ್ಕವನನ್ನು ಕೇಳಿದೆ. ಚೀಟಿಯೂ ಬೇಡ, ಮಾತೂ ಬೇಡ, ಅವನು ನನ್ನ ಹತ್ತಿರ ಬರದಿದ್ದರೆ ಸಾಕು ಎಂದ. ದೊಡ್ಡವನಿಗೆ ಇದನ್ನು ಹೇಗೆ ಹೇಳಲಿ? ಅವನು ಮೂರು ದಿನ ಕೂತು ಬರೆದಿದ್ದಾನೆ.

ಹಾಸ್ಟೆಲ್ ಅಕ್ಕ

ಇದ್ದದ್ದನ್ನು ಇದ್ದ ಹಾಗೆ ಹೇಳಿ ಸರ್. "ಅವನಿಗೆ ಬೇಡವಂತೆ. ಹಾಗನ್ನೋ ಹಕ್ಕು ಅವನಿಗಿದೆ. ನೀನು ಬರೆದದ್ದು ಸುಳ್ಳಾಗಲಿಲ್ಲ, ನನ್ನ ಹತ್ತಿರ ಇದೆ." ಅವನಿಗೆ ಅಳು ಬಂದರೆ ಅಳಲಿ, ಪಕ್ಕದಲ್ಲಿ ಕೂತಿರಿ. ಆಮೇಲೆ ಏನೇನು ಮಾಡಬಾರದು ಎಂದು ಸ್ಪಷ್ಟವಾಗಿ ಹೇಳಿ: ಸ್ನೇಹಿತರ ಕೈಲಿ ಹೇಳಿ ಕಳಿಸುವುದು ಬೇಡ, ಅವನ ಬ್ಯಾಗಿನಲ್ಲಿ ಚಾಕೊಲೇಟ್ ಇಡುವುದು ಬೇಡ, ಹುಟ್ಟುಹಬ್ಬಕ್ಕೆ ಶುಭಾಶಯವೂ ಬೇಡ. ವರಾಂಡದಲ್ಲಿ ಎದುರಾದರೆ ಇವನೇ ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ನೋಡಿ ನಗುವುದೂ ಬೇಕಿಲ್ಲ. ತೀರಿಸುವ ಕಂತು ಮಾತ್ರ ನಿಲ್ಲಬಾರದು. ಅದು ಕ್ಷಮೆಯ ಬೆಲೆಯಲ್ಲ, ಸಾಲ. ಉಳಿದಿಬ್ಬರು ಚಿಕ್ಕವರು ಕೇಳಲು ಒಪ್ಪಿದರೆ ಅವರಿಗೆ ಹೇಳಲಿ.

ಎರಡು ತಿಂಗಳ ಮೇಲೆ ಚಿಕ್ಕವನನ್ನು ಇನ್ನೊಂದು ಸಲ ಕೇಳಬಹುದು, ಒಂದೇ ಸಲ. ಅದಕ್ಕೂ ಬೇಡ ಎಂದರೆ ಆ ವಿಷಯ ಅಲ್ಲಿಗೆ ಬಿಟ್ಟುಬಿಡಿ.

ಪಿ.ಟಿ. ಪೀರಿಯಡ್

ಒಂದು ಸೇರಿಸುತ್ತೇನೆ. ದಸರಾ ರಜೆ ಮುಗಿಸಿ ಮಕ್ಕಳು ವಾಪಸ್ ಬರುವ ದಿನ ಜಾಗ್ರತೆ. ಎಲ್ಲರ ಟ್ರಂಕಿನಲ್ಲೂ ಮನೆಯ ತಿಂಡಿ ಡಬ್ಬಿ ಇರುತ್ತದೆ, ಬಸ್ಸಿಳಿದು ಬರುವ ಹೊತ್ತು ಹಿಂದುಮುಂದಾಗುತ್ತದೆ, ಯಾರೂ ಸಾಲಿನಲ್ಲಿರುವುದಿಲ್ಲ. ಮಧ್ಯಾಹ್ನ 3ರಿಂದ ರಾತ್ರಿ ಊಟದವರೆಗೆ ಟ್ರಂಕ್ ರೂಮಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರಿ. ಬೀಗ ಇಲ್ಲದೆ ಬಂದ ಮಕ್ಕಳಿಗೆ ಕೊಡಲು ಹತ್ತು ಚಿಕ್ಕ ಬೀಗ ತಂದಿಟ್ಟಿರಿ, ಎರಡನೇ ಕೀಲಿಕೈಗೆ ಹೆಸರಿನ ಚೀಟಿ ಕಟ್ಟಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.